ಒಳ್ಳೆಮೆಣಸು ಎಂದರೆ ಒಳ್ಳೆಯ ಮೆಣಸಲ್ಲ

‘ಒಳ್ಳೆಮೆಣಸು’ ಎಂದು ಬರೆದು ಕೊಟ್ಟರೆ ‘ಉತ್ತಮ ಗುಣಮಟ್ಟದ ಮೆಣಸು’ ಎಂದು ತಿದ್ದುವವರು ಇನ್ನೂ ಇದ್ದಾರೆ. ಅಡುಗೆ ಬರಹಗಳಲ್ಲಿ ಅದನ್ನು ಎರಡು ಪದವಾಗಿ ಒಡೆದು, ಪಕ್ಕದಲ್ಲಿ ಕೆಂಪು ಮೆಣಸಿನ ಚಿತ್ರವನ್ನೂ ಅಂಟಿಸುತ್ತಾರೆ. ಕಾಸರಗೋಡಿನ ಕನ್ನಡದಲ್ಲಿ ಇದು ಬಳ್ಳಿಯಲ್ಲಿ ಬಿಡುವ ಕಪ್ಪು ಕಾಳಿನ ಹೆಸರು. ಜೊಳ್ಳಾದರೂ ಅದು ಒಳ್ಳೆಮೆಣಸೇ.

ಮೈಸೂರು, ಬೆಂಗಳೂರು ಕಡೆ ಬರಿಯ ‘ಮೆಣಸು’ ಈ ಕಾಳಿಗೇ ಉಳಿದಿದೆ, ಕೆಂಪಿನದು ಮೆಣಸಿನಕಾಯಿ. ನಮ್ಮಲ್ಲಿ ಆ ಹೆಸರು ಕಾಯಿಯ ಪಾಲಾಗಿದೆ: ಹಸಿಮೆಣಸು, ಒಣಮೆಣಸು, ಗಾಂಧಾರಿಮೆಣಸು. ಅಮೆರಿಕ ಖಂಡದ ಈ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ಕರಾವಳಿಗೆ ಬಂದದ್ದು 1498ರ ನಂತರ. ಹೊಸಬ ಬಂದು ಹೆಸರನ್ನು ಹಿಡಿದುಕೊಂಡಾಗ ಮೂಲದ ಮೆಣಸಿಗೆ ‘ಒಳ್ಳೆ’ ಸೇರಿತು ಎಂಬುದು ನನ್ನ ವಾದ. ಮಲಯಾಳದ ನಲ್ಲಮುಳಗು, ತುಳುವಿನ ಎಡ್ಡೆಮುಂಚಿ ಕೂಡ ಇದೇ ಜಾಡಿನವು; ನಲ್ಲ, ಎಡ್ಡೆ ಎಂದರೂ ಒಳ್ಳೆಯದೇ. ಎಳ್ಳೆಣ್ಣೆಯನ್ನು ಒಳ್ಳೆಣ್ಣೆ ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು, ಮಲಯಾಳದ ಕುರುಮುಳಗನ್ನು ‘ಕರಿ’ಯೊಂದಿಗೆ ಗಂಟು ಹಾಕಬೇಡಿ. ಕುರು ಎಂದರೆ ಬೀಜ. ಅದು ನಮ್ಮ ಕಾಳುಮೆಣಸಿಗೆ ಸರಿಸಾಟಿ.

ತಮಿಳರು ಮಿಳಗು, ಮಿಳಗಾಯ್ ಎಂದು ಎರಡನ್ನೂ ಬೇರೆಯಾಗಿಯೇ ಉಳಿಸಿಕೊಂಡರು. ತೆಲುಗಿನಲ್ಲಿ ಮಿರಿಯಾಲು, ಮಿರಪಕಾಯ. ಸಂಸ್ಕೃತದ ‘ಮರಿಚ’ ಕಾಳಿನ ಹೆಸರಾಗಿತ್ತು. ಹಿಂದಿಯ ‘ಮಿರ್ಚ್’ ಕಾಯಿಗೆ ಒಲಿದು, ಕಾಳು ‘ಕಾಲೀ ಮಿರ್ಚ್’ ಆಯಿತು. ಸ್ಪೇನಿನವರು ಲಿಂಗ ಬದಲಿಸಿ ಕೆಲಸ ಮುಗಿಸಿದರು: ಪಿಮಿಯೆಂತಾ ಕಾಳು, ಪಿಮಿಯೆಂತೋ ಕಾಯಿ.

ಎಲ್ಲಕ್ಕಿಂತ ದೊಡ್ಡ ಗೊಂದಲ ‘ಪೆಪ್ಪರ್’ನದು. ಅದರ ಬೇರು ಮರಿಚವಲ್ಲ, ಪಿಪ್ಪಲಿ; ಕಾಳುಮೆಣಸಿನದೇ ಬಳಗದ, ಉದ್ದನೆಯ ತೆನೆ ಬಿಡುವ ಮದ್ದಿನ ಬಳ್ಳಿಯ ಸಂಸ್ಕೃತ ಹೆಸರು. ಗ್ರೀಕರ ಬಾಯಲ್ಲಿ ‘ಪೆಪೆರಿ’, ಲ್ಯಾಟಿನ್‌ನಲ್ಲಿ ‘ಪಿಪೆರ್’ ಆದ ಈ ಹೆಸರು ಅಲ್ಲಿ ಕಪ್ಪು ಕಾಳಿಗೂ ಹಬ್ಬಿ ಕೊನೆಗೆ ಅದರದ್ದೇ ಆಯಿತು. ಮೂಲದ ಒಡತಿ ಪಿಪ್ಪಲಿಗೆ ಇಂಗ್ಲಿಷಿನವರು ‘ಲಾಂಗ್ ಪೆಪ್ಪರ್’ ಎಂದರು. 1492ರಲ್ಲಿ ಕೊಲಂಬಸ್ ಕಡಲಾಚೆ ಕಂಡ ಖಾರದ ಕಾಯಿಗೂ ಅದೇ ಹೆಸರು ಅಂಟಿತು.

ಇಲ್ಲೇ ನಮ್ಮ ಅನುವಾದಕರು ಎಡವುತ್ತಾರೆ. ಕೆಮ್ಮಿನ ಕಷಾಯದ ವಿವರಣೆಯಲ್ಲಿ ‘ಲಾಂಗ್ ಪೆಪ್ಪರ್’ ಅನ್ನು ‘ಉದ್ದ ಮೆಣಸು’ ಎಂದು ಬರೆದರೆ, ಕಾಸರಗೋಡಿನ ಓದುಗರು ಕಷಾಯಕ್ಕೆ ಒಣಮೆಣಸು ಹಾಕಿಯಾರು. ಪಕಾರ ಹಕಾರವಾಗಿ ಪಿಪ್ಪಲಿ ಕನ್ನಡದಲ್ಲಿ ಹಿಪ್ಪಲಿಯಾಗಿ ಬಹುಕಾಲವಾಯಿತು. ಹಿಪ್ಪಲಿ ಎಂದೇ ಬರೆಯಿರಿ. ಗ್ರಂಥಿಗೆ ಅಂಗಡಿಯಲ್ಲಿ ಕೊಡುವುದೂ ಆ ಹೆಸರಿಗೇ.