ನಡುವೆ ಬದು ಹಾಕಬೇಡಿ

ಇಬ್ಬರು ಸೇರಿ ಬರೆದ ಪ್ರಬಂಧ ನನ್ನ ಮೇಜಿಗೆ ಬಂದರೆ, ಒಬ್ಬರು ಎಲ್ಲಿ ಪೆನ್ನು ಇಟ್ಟರು, ಇನ್ನೊಬ್ಬರು ಎಲ್ಲಿ ಎತ್ತಿಕೊಂಡರು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಣ್ಣ ತಮ್ಮ ಹೊಲ ಪಾಲು ಮಾಡಿಕೊಂಡ ಹಾಗೆ. ಕಾನೂನಿನವರದು ಈ ಕಡೆ, ರಾಜಕೀಯಶಾಸ್ತ್ರದವರದು ಆ ಕಡೆ, ನಡುವೆ ಬದು. ಅಮೆರಿಕದ ಕಾರ್ಮಿಕ ಚರಿತ್ರೆಗೆ ಈ ಪಾಲು ಆಗಿಬರುವುದಿಲ್ಲ.

ಮೊನ್ನೆ ಇಬ್ಬರು ಬಂದಿದ್ದರು, ಇಬ್ಬರೂ ಚುರುಕು. ರಾಜಕೀಯದ ಹುಡುಗ ಬರೆದಿದ್ದ: 1914ರಲ್ಲಿ ಕ್ಲೇಟನ್ ಕಾಯ್ದೆ ಬಂತು, ಕಾರ್ಮಿಕರು ಗೆದ್ದರು. ಕಾನೂನಿನ ಹುಡುಗಿ ಬರೆದಿದ್ದಳು: 1921ರಲ್ಲಿ ಡ್ಯುಪ್ಲೆಕ್ಸ್ ತೀರ್ಪು ಬಂತು, ಕಾರ್ಮಿಕರು ಸೋತರು. ಗೆದ್ದವರು ಸೋತಿದ್ದು ಹೇಗೆ ಅಂದೆ. "ಅದು ನಿನ್ನ ಭಾಗ ಅಲ್ವಾ?" ಅಂತ ಒಬ್ಬರ ಮುಖ ಒಬ್ಬರು ನೋಡಿದರು.

ಮನುಷ್ಯನ ದುಡಿಮೆ ಮಾರುವ ಸರಕಲ್ಲ ಎಂದು ಕ್ಲೇಟನ್ ಕಾಯ್ದೆಯಲ್ಲೇ ಬರೆದಿತ್ತು. ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗೊಂಪರ್ಸ್ ಇದನ್ನು ಕಾರ್ಮಿಕರ ಮ್ಯಾಗ್ನಾ ಕಾರ್ಟಾ, ಅಂದರೆ ಹಕ್ಕಿನ ಮಹಾಸನ್ನದು, ಅಂದು ಹಿಗ್ಗಿದ. ಆದರೆ 20ನೇ ಸೆಕ್ಷನ್ ನೋಡಿ. ಕೋರ್ಟು ತಡೆಯಾಜ್ಞೆ ಕೊಡಬಾರದು ಎಂದಿದ್ದು "ಮಾಲೀಕ ಮತ್ತು ನೌಕರರ ನಡುವಿನ" ಜಗಳಗಳಲ್ಲಿ. ಯಾವ ಮಾಲೀಕ, ಯಾರ ನೌಕರ? ಅಲ್ಲೇ ಇರುವುದು ಗಂಟು.

ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ಡ್ಯುಪ್ಲೆಕ್ಸ್ ಅನ್ನುವ ಕಂಪನಿಯ ಮುದ್ರಣ ಯಂತ್ರದ ಕಾರ್ಖಾನೆ. ಅಂಥ ಯಂತ್ರ ಮಾಡುವ ಕಂಪನಿಗಳು ದೇಶದಲ್ಲಿ ನಾಲ್ಕೇ. ಮೂರು ಕಂಪನಿಗಳು ಯೂನಿಯನ್ನನ್ನು ಒಪ್ಪಿದ್ದವು, ಇದು ಒಪ್ಪಲಿಲ್ಲ. ಅದಕ್ಕೆ ಇದರ ಯಂತ್ರಗಳನ್ನು ಯಾರೂ ಜೋಡಿಸಬಾರದು, ರಿಪೇರಿ ಮಾಡಬಾರದು ಅಂತ ನ್ಯೂಯಾರ್ಕಿನ ಯೂನಿಯನ್ನಿನವರು ಪಟ್ಟು ಹಿಡಿದರು. ಸುಪ್ರೀಂ ಕೋರ್ಟ್ 6-3ರಲ್ಲಿ ಹೇಳಿತು: ನ್ಯೂಯಾರ್ಕಿನವರು ಈ ಕಂಪನಿಯ ನೌಕರರೇ ಅಲ್ಲ, ಅವರಿಗೆ ರಕ್ಷಣೆ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನಬಹುದು. ಹಾಗೆ ಸುಮ್ನೆ ಅಂದುಬಿಡುವುದಕ್ಕೂ ನನಗೆ ಹಿಂಜರಿಕೆ. ಕಾಯ್ದೆಯ ಮಾತನ್ನು ಸಡಿಲ ಬಿಟ್ಟಿದ್ದು ಕಾಂಗ್ರೆಸ್ಸೇ, ಅಂದರೆ ಅಮೆರಿಕದ ಸಂಸತ್ತೇ.

ಈಗ 1932ರ ನಾರಿಸ್-ಲಗಾರ್ಡಿಯಾ ಕಾಯ್ದೆ ತೆಗೆಯಿರಿ. ಜಗಳದ ಎರಡು ಕಡೆಯವರ ನಡುವೆ ನೇರವಾಗಿ ಮಾಲೀಕ-ನೌಕರ ಸಂಬಂಧ ಇರಲಿ ಬಿಡಲಿ, ಅದು ಕಾರ್ಮಿಕ ವಿವಾದವೇ, ಕೋರ್ಟು ಸುಲಭಕ್ಕೆ ತಡೆಯಾಜ್ಞೆ ಕೊಡುವಂತಿಲ್ಲ ಎನ್ನುತ್ತದೆ. ಕಾನೂನಿನವರು ಇದನ್ನು ಬರೀ ವ್ಯಾಖ್ಯೆ ಅಂತ ದಾಟಿ ಹೋಗುತ್ತಾರೆ. ರಾಜಕೀಯದವರು ವೋಟು ಎಣಿಸುತ್ತಾರೆ, ಈ ಸಾಲು ಓದುವುದೇ ಇಲ್ಲ. ಅಯ್ಯೋ, ಇದು ಡ್ಯುಪ್ಲೆಕ್ಸ್ ತೀರ್ಪಿಗೆ ಹನ್ನೊಂದು ವರ್ಷದ ಮೇಲೆ ಕೊಟ್ಟ ಜವಾಬು ಕಣ್ರಪ್ಪಾ! ಅದಕ್ಕೆ ಸಹಿ ಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ ಹೂವರ್. ಕಾರ್ಮಿಕರ ಪರ ಅಂತ ಹೆಸರಾದ ರೂಸ್‌ವೆಲ್ಟ್ ಇನ್ನೂ ಗೆದ್ದೇ ಇರಲಿಲ್ಲ. ಒಂದು ತೀರ್ಪೇ ಈ ಕಾಯ್ದೆ ಹುಟ್ಟಿಸಿತು ಅಂತ ಮಾತ್ರ ಬರೆಯಬೇಡಿ. ಆರ್ಥಿಕ ಕುಸಿತವೂ ಇತ್ತು, ಇನ್ನೂ ಎಷ್ಟೋ ಇತ್ತು.

ಆ ಇಬ್ಬರಿಗೂ ಕೆಲಸ ಅದಲು ಬದಲು ಮಾಡಿ ಕಳಿಸಿದೆ. ಅವಳು ಕಾಂಗ್ರೆಸ್ಸಿನ ಚರ್ಚೆ ಓದಬೇಕು, ಅವನು ತೀರ್ಪು. ಅವನ ಮುಖ ಬಾಡಿತು.

ನಾಲ್ಕು ದಿನದ ಮೇಲೆ ರಾತ್ರಿ ಹನ್ನೊಂದಕ್ಕೆ ಫೋನು. ಡ್ಯುಪ್ಲೆಕ್ಸ್‌ನಲ್ಲಿ ನ್ಯಾಯಮೂರ್ತಿ ಬ್ರಾಂಡೈಸ್ ಬರೆದ ಭಿನ್ನ ತೀರ್ಪು ಸಿಕ್ಕಿತ್ತು ಅವನಿಗೆ. ಕ್ಲೇಟನ್ ಕಾಯ್ದೆ ಇಪ್ಪತ್ತಕ್ಕೂ ಜಾಸ್ತಿ ವರ್ಷದ ಬಿಡದ ಚಳವಳಿಯ ಫಲ ಎಂದು ಅದರಲ್ಲಿದೆ.

"ಮೇಡಂ, ಇದನ್ನು ಓದಿದ್ದೀರಾ? ಇದರೊಳಗೆ ನನ್ನ ಭಾಗಾನೇ ಇದೆ!"

ಇಪ್ಪತ್ತು ವರ್ಷದಿಂದ ಅದನ್ನೇ ಪಾಠ ಮಾಡುತ್ತಿದ್ದೇನೆ ಅನ್ನಲಿಲ್ಲ. ಹೌದಾ, ಓದಿ ಹೇಳು ಅಂದೆ.