ಜರ್ಮನಿಗೆ ಹೊರಟವರು ಮೈಸೂರಿನಿಂದಲೇ ಮನೆ ಹಿಡಿಯಬೇಕೇ?

ಅಡ್ಮಿಷನ್ ಪತ್ರ ಕೈಗೆ ಬಂದ ವಾರದಲ್ಲೇ ಅಪ್ಪ-ಅಮ್ಮಂದಿರ ಪ್ರಶ್ನೆ ಶುರುವಾಗುತ್ತದೆ. ‘ಮಗಳು ಅಲ್ಲಿ ಎಲ್ಲಿರ್ತಾಳೆ ಸಾರ್? ಹೊರಡೋದ್ರೊಳಗೆ ಒಂದು ಮನೆ ಗೊತ್ತು ಮಾಡ್ಬಿಡಿ.’ ಓದಿಗೋ ಕೆಲಸಕ್ಕೋ ಜರ್ಮನಿಗೆ ಹೊರಟವರ ಕಾಗದಪತ್ರ ನೋಡಿಕೊಡುವುದು ನನ್ನ ವೃತ್ತಿ. ಮೈಸೂರಿನವರಿರಲಿ, ಮಂಡ್ಯದವರಿರಲಿ, ಎಲ್ಲರಿಗೂ ನಾನು ಹೇಳುವುದು ಒಂದೇ. ಇಲ್ಲಿಂದ ಗೊತ್ತು ಮಾಡಬೇಕಾದ್ದು ಮೊದಲ ಎರಡು-ಮೂರು ತಿಂಗಳಿಗೆ ಒಂದು ರೂಮು ಮಾತ್ರ. ಮನೆಯನ್ನು ಅಲ್ಲಿಗೆ ಹೋಗಿ, ಕಣ್ಣಾರೆ ನೋಡಿ ಹಿಡಿಯಬೇಕು.

ಆ ರೂಮು ಚಿಕ್ಕದಿರಲಿ, ಊರ ಹೊರಗಿರಲಿ, ಅಡ್ಡಿಯಿಲ್ಲ. ಆದರೆ ಆ ವಿಳಾಸದಲ್ಲಿ ಹೆಸರು ನೋಂದಾಯಿಸಲು ಮನೆಯವರು ಒಪ್ಪಲೇಬೇಕು. ಜರ್ಮನಿಯಲ್ಲಿ ಮನೆ ಸೇರಿದ 2 ವಾರದೊಳಗೆ ಊರಿನ ನೋಂದಣಿ ಕಚೇರಿಗೆ ಹೋಗಿ ವಿಳಾಸ ದಾಖಲಿಸಬೇಕು. ಅನ್‌ಮೆಲ್ಡುಂಗ್ ಅಂತ ಅದರ ಹೆಸರು. ನಮ್ಮಲ್ಲಿ 11 ತಿಂಗಳ ಕರಾರು ಪತ್ರ ತೋರಿಸಿದರೆ ಗ್ಯಾಸ್ ಕನೆಕ್ಷನ್ನೂ ಸಿಗುತ್ತದೆ. ಅಲ್ಲಿ ಕರಾರು ಪತ್ರವೊಂದೇ ಸಾಲದು. ‘ಇವರು ಇಂಥ ದಿನ ಇಲ್ಲಿಗೆ ಬಂದು ಸೇರಿದ್ದಾರೆ’ ಅಂತ ಮನೆ ಕೊಟ್ಟವರು ಸಹಿ ಹಾಕಿದ ಬೇರೊಂದು ಹಾಳೆ ಬೇಕು. 2015ರ ನವೆಂಬರ್‌ನಿಂದ ಇದು ಕಾನೂನು. ನೋಂದಣಿ ಆದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು. ವೀಸಾ ಮುಗಿಯುವ ಮೊದಲು ವಾಸದ ಪರವಾನಗಿ ಪಡೆಯಲೂ, ಹಲವು ಬ್ಯಾಂಕ್‌ಗಳಲ್ಲಿ ಖಾತೆ ತೆರೆಯಲೂ ಇದೇ ಆಧಾರ. ‘ರೂಮು ಕೊಡ್ತೀವಿ, ಅನ್‌ಮೆಲ್ಡುಂಗ್ ಆಗಲ್ಲ’ ಅಂದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ. ಇನ್ನೊಂದು ವಿಷಯ. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿರಬೇಕು. ಹೆಸರಿಲ್ಲದ ಪೆಟ್ಟಿಗೆಗೆ ಪೋಸ್ಟ್‌ಮ್ಯಾನ್ ಕಾಗದ ಹಾಕುವುದಿಲ್ಲ. ಸರ್ಕಾರಿ ಪತ್ರ, ಬ್ಯಾಂಕಿನ ಪತ್ರ ಎಲ್ಲಾ ವಾಪಸ್ ಹೋಗುತ್ತವೆ.

ಇಂಥ ರೂಮು ಹುಡುಕುವುದೆಲ್ಲಿ? ವಿದ್ಯಾರ್ಥಿಗಳಾದರೆ ಮೊದಲು ಷ್ಟುಡಿಯರೆಂಡನ್‌ವೆರ್ಕ್. ಆಯಾ ಊರಿನ ವಿದ್ಯಾರ್ಥಿ ನಿಲಯಗಳನ್ನು ನಡೆಸುವ ಸಂಸ್ಥೆ ಅದು. ಅಡ್ಮಿಷನ್ ಬಂದ ದಿನವೇ ಅರ್ಜಿ ಹಾಕಿ. ಮ್ಯೂನಿಕ್‌ನಂಥ ಊರಿನಲ್ಲಿ ಕಾಯುವ ಪಟ್ಟಿ ಸೆಮಿಸ್ಟರ್‌ಗಟ್ಟಲೆ ಇರುತ್ತದೆ. ಅಲ್ಲಿ ಸಿಕ್ಕಿಬಿಟ್ಟರೆ ಬೇರೆ ಯೋಚನೆಯೇ ಬೇಡ, ಹಿಡಿದುಕೊಳ್ಳಿ. ಸಿಗದಿದ್ದರೆ ಮೂರ್ನಾಲ್ಕು ಜನ ಹಂಚಿಕೊಂಡಿರುವ ಮನೆಯಲ್ಲಿ ಒಂದು ರೂಮು. ಅದಕ್ಕೆ ಅಲ್ಲಿ ವೇಗೇ ಎನ್ನುತ್ತಾರೆ. ಅಲ್ಲಿದ್ದ ಹುಡುಗನೋ ಹುಡುಗಿಯೋ ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋದಾಗ ಆ ರೂಮನ್ನು ಕೆಲ ತಿಂಗಳಿಗೆ ಬಿಟ್ಟುಕೊಡುತ್ತಾರೆ. ಹೊಸಬರಿಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಮನೆಯವರು ವಿಡಿಯೊ ಕಾಲ್‌ನಲ್ಲಿ ನಿಮ್ಮನ್ನು ಮಾತಾಡಿಸಿ ನೋಡುತ್ತಾರೆ. ಅಲ್ಲಿ ಸಂಜೆ 6 ಗಂಟೆ ಅಂದರೆ ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆ. ಅಡುಗೆ, ಓದು, ಮನೆ ಒಪ್ಪ ಮಾಡುವ ಅಭ್ಯಾಸ, ಇವನ್ನೆಲ್ಲ ಸಹಜವಾಗಿ ಹೇಳಿಕೊಳ್ಳಿ. ಸಾಧ್ಯವಾದರೆ ಎರಡು ಮಾತು ಜರ್ಮನ್‌ನಲ್ಲೇ ಆಡಿ. ಚಳಿಗಾಲದ ಸೆಮಿಸ್ಟರ್ ಶುರುವಾಗುವುದು ಅಕ್ಟೋಬರ್‌ನಲ್ಲಿ. ನಮ್ಮೂರು ದಸರಾ ಗಡಿಬಿಡಿಯಲ್ಲಿರುವಾಗ ಅಲ್ಲಿ ಎಲ್ಲರೂ ಒಟ್ಟಿಗೇ ರೂಮಿಗೆ ಅಲೆಯುತ್ತಿರುತ್ತಾರೆ. ಹಾಗಾಗಿ ಜೂನ್, ಜುಲೈನಲ್ಲೇ ಶುರು ಮಾಡಿ.

ಈ ಅಲೆದಾಟದ ಸಮಯಕ್ಕೇ ಮೋಸಗಾರರು ಕಾಯುತ್ತಿರುತ್ತಾರೆ. ಅವರ ರೀತಿ ಹೆಚ್ಚುಕಡಿಮೆ ಒಂದೇ ಥರ. ಊರ ನಡುವೆ ಮನೆ, ಚಂದದ ಫೋಟೊ, ನಂಬಲಾಗದಷ್ಟು ಕಡಿಮೆ ಬಾಡಿಗೆ. ಮಾಲೀಕರು ಮಾತ್ರ ಊರಲ್ಲಿಲ್ಲ. ಲಂಡನ್‌ಗೆ ವರ್ಗವಾಗಿದೆ, ಮನೆ ತೋರಿಸಲು ಯಾರೂ ಇಲ್ಲ ಅಂತಾರೆ. ಒಂದು ತಿಂಗಳ ಬಾಡಿಗೆ ಮತ್ತು ಡೆಪಾಸಿಟ್ ಕಳಿಸಿದರೆ ಕೀ ಕೊರಿಯರ್‌ನಲ್ಲಿ ಬರುತ್ತದಂತೆ. ನಂಬಿಕೆ ಬರಲಿ ಅಂತ ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸುತ್ತಾರೆ. ಅದು ಬಹಳ ಸಲ ಹಿಂದೆ ಇದೇ ರೀತಿ ಮೋಸಹೋದ ಇನ್ಯಾರದೋ ಪಾಸ್‌ಪೋರ್ಟ್ ಆಗಿರುತ್ತದೆ. ನೀವು ನಿಮ್ಮದನ್ನು ಕಳಿಸಿದರೆ ಮುಂದಿನವರಿಗೆ ಅದನ್ನು ತೋರಿಸುತ್ತಾರೆ. ಬ್ಯಾಂಕ್ ಖಾತೆ ಸಂಖ್ಯೆಯನ್ನೂ ಗಮನಿಸಿ. ಜರ್ಮನಿಯ ಐಬ್ಯಾನ್ ಶುರುವಾಗುವುದು ಡಿಇ ಅಕ್ಷರಗಳಿಂದ, ಒಟ್ಟು 22 ಅಕ್ಷರ ಮತ್ತು ಅಂಕಿ. ಮನೆ ಬರ್ಲಿನ್‌ನಲ್ಲಿದ್ದು ಖಾತೆ ಬೇರೆ ದೇಶದ್ದಾದರೆ ಅಲ್ಲಿಗೇ ನಿಲ್ಲಿಸಿ. ಡಿಇ ಇದೆ ಅಂದ ಮಾತ್ರಕ್ಕೆ ನಂಬಲೂಬೇಡಿ.

ಮಗುವಿಗೆ ತಲೆ ಮೇಲೊಂದು ಸೂರು ಬೇಕಲ್ಲ ಅನ್ನುವ ಆತಂಕದಲ್ಲಿ ತಂದೆ ಬ್ಯಾಂಕಿಗೆ ಓಡಿ ವಿದೇಶಕ್ಕೆ ಹಣ ಕಳಿಸುವ ಫಾರಂ ಎ2 ತುಂಬಿ ದುಡ್ಡು ಕಳಿಸಿಬಿಡುತ್ತಾರೆ. ಬೇರೆ ದೇಶದ ಖಾತೆಗೆ ಒಮ್ಮೆ ಸೇರಿದ ಹಣವನ್ನು ವಾಪಸ್ ತರಿಸುವುದು ಬಹಳ ಕಷ್ಟ. ಹಾಗಾಗಿ ಕೈಮುಗಿದು ಕೇಳುತ್ತೇನೆ, ನಿಮ್ಮವರು ಯಾರಾದರೂ ಒಳಗೆ ಕಾಲಿಟ್ಟು ನೋಡದ ಮನೆಗೆ ಒಂದು ಯೂರೋ ಕೂಡ ಕಳಿಸಬೇಡಿ. ಕಾಲೇಜಿನ ಸೀನಿಯರ್‌ಗಳು ಈಗ ಜರ್ಮನಿಯ ಎಲ್ಲ ದೊಡ್ಡ ಊರುಗಳಲ್ಲೂ ಇದ್ದಾರೆ. ಎಸ್‌ಜೆಸಿಇ, ಎನ್‌ಐಇ, ಮಂಡ್ಯದ ಪಿಇಎಸ್, ಎಲ್ಲಿ ಓದಿದ್ದರೂ ಯಾರಾದರೊಬ್ಬರು ಸಿಗುತ್ತಾರೆ. ಅರ್ಧ ಗಂಟೆ ಹೋಗಿ ನೋಡಿಬನ್ನಿ ಅಂತ ಕೇಳಲು ಸಂಕೋಚ ಪಡಬೇಡಿ. ವಿದ್ಯಾರ್ಥಿ ನಿಲಯದ ಮಾತು ಬೇರೆ. ಅದರ ವಿವರ ಆ ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲೇ ಇರುತ್ತದೆ.

ಇನ್ನು ದುಡ್ಡಿನ ಲೆಕ್ಕ. ಕಾಲ್ಟ್‌ಮೀಟ ಅಂದರೆ ಬರೀ ಮನೆಯ ಬಾಡಿಗೆ. ನೀರು, ಹೀಟಿಂಗ್, ಕಸದ ಖರ್ಚು ಸೇರಿದರೆ ವಾರ್ಮ್‌ಮೀಟ. ಕರೆಂಟು ಮತ್ತು ಇಂಟರ್‌ನೆಟ್ ಸಾಮಾನ್ಯವಾಗಿ ಅದಕ್ಕೂ ಹೊರಗೆ. ಡೆಪಾಸಿಟ್ 3 ತಿಂಗಳ ಕಾಲ್ಟ್‌ಮೀಟ ಮೀರುವಂತಿಲ್ಲ. ಅದನ್ನು 3 ತಿಂಗಳ ಕಂತಿನಲ್ಲಿ ಕೊಡುವ ಹಕ್ಕೂ ಬಾಡಿಗೆದಾರರಿಗಿದೆ. ಆದರೂ ಇಲ್ಲೇ ಲೆಕ್ಕ ತಪ್ಪುವುದು. ವಿದ್ಯಾರ್ಥಿ ವೀಸಾಗೆ ತೋರಿಸುವ ಬ್ಲಾಕ್ಡ್ ಅಕೌಂಟಿನ ಮೊತ್ತ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ. ಅದು ಒಟ್ಟಿಗೆ ಕೈಗೆ ಸಿಗುವುದಿಲ್ಲ, ತಿಂಗಳಿಗೆ 992 ಮಾತ್ರ. ಕಾಲ್ಟ್‌ಮೀಟ 400, ವಾರ್ಮ್‌ಮೀಟ 520 ಅಂತಿಟ್ಟುಕೊಳ್ಳಿ. ಡೆಪಾಸಿಟ್‌ನ ಒಂದು ಕಂತು 400 ಸೇರಿದರೆ 920 ಆಯಿತು. ಉಳಿದ 72 ಯೂರೋದಲ್ಲಿ ಊಟ, ಇನ್ಶೂರೆನ್ಸ್ ಎಲ್ಲ ಆಗಬೇಕು! ಆಗುವುದಿಲ್ಲ. ಡೆಪಾಸಿಟ್‌ನ ಹಣ ಬ್ಲಾಕ್ಡ್ ಅಕೌಂಟ್ ಬಿಟ್ಟು ಬೇರೆಯಾಗಿಯೇ ಇರಲಿ.

ಅಲ್ಲಿಗೆ ಹೋಗಿ ಮನೆ ನೋಡುವಾಗ ರೂಮಿನ ಲೆಕ್ಕದಲ್ಲಿ ಎಡವಬೇಡಿ. ಅಲ್ಲಿ 2 ರೂಮಿನ ಮನೆ ಅಂದರೆ ನಮ್ಮ ಸಿಂಗಲ್ ಬೆಡ್‌ರೂಮ್ ಮನೆ. ಹಾಲ್ ಕೂಡ ಒಂದು ರೂಮು. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಖಾಲಿ ಇರುತ್ತದೆ, ಒಲೆಯೂ ಇಲ್ಲ, ಸಿಂಕೂ ಇಲ್ಲ. ಹಿಂದಿನವರು ತಮ್ಮ ಅಡುಗೆಮನೆ ಸಾಮಾನು ಬಿಟ್ಟುಹೋಗುತ್ತೇವೆ ಅಂದರೆ ಚೌಕಾಸಿ ಮಾಡಿ ಕೊಂಡುಕೊಳ್ಳಿ. ಬ್ರೋಕರ್ ಕಮಿಷನ್ ಬಗ್ಗೆಯೂ ಗೊತ್ತಿರಲಿ. 2015ರ ಜೂನ್‌ನಿಂದ ಬ್ರೋಕರ್‌ನನ್ನು ಯಾರು ನೇಮಿಸಿಕೊಂಡರೋ ಅವರೇ ಫೀಸು ಕೊಡಬೇಕು. ಮಾಲೀಕರ ಬ್ರೋಕರ್ ನಿಮ್ಮ ಹತ್ತಿರ ಕೇಳುವಂತಿಲ್ಲ. ಸಾಲದ ಇತಿಹಾಸ ತಿಳಿಸುವ ಶೂಫಾ ವರದಿಯನ್ನು ಮಾಲೀಕರು ಕೇಳುತ್ತಾರೆ. ಹೊಸಬರ ಹತ್ತಿರ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಕೆಲಸದ ಕರಾರು, ಸಂಬಳದ ಚೀಟಿ, ಇಲ್ಲವೇ ಬ್ಲಾಕ್ಡ್ ಅಕೌಂಟಿನ ಪತ್ರ ಜೊತೆಗಿಟ್ಟು ಒಂದೇ ಪಿಡಿಎಫ್ ಮಾಡಿಕೊಳ್ಳಿ. ಕೀ ಪಡೆಯುವ ದಿನ ಗೋಡೆ, ನೆಲ, ಮೀಟರ್ ಎಲ್ಲದರ ಫೋಟೊ ತೆಗೆದು, ಏನೇನು ಹೇಗಿತ್ತು ಅಂತ ಬರೆದು ಇಬ್ಬರೂ ಸಹಿ ಮಾಡಿ. ಮುಂದೆ ಡೆಪಾಸಿಟ್ ವಾಪಸ್ ಕೇಳುವಾಗ ಬೇಕಾಗುವುದು ಆ ಹಾಳೆಯೇ.

ಮೊದಲ ರೂಮನ್ನು ಎರಡು-ಮೂರು ತಿಂಗಳಿಗಷ್ಟೇ ಹಿಡಿಯಿರಿ ಅನ್ನಲು ಇನ್ನೂ ಒಂದು ಕಾರಣವಿದೆ. ಇಂತಿಷ್ಟು ಅವಧಿ ಅಂತ ಬರೆದ ಕರಾರನ್ನು ನಡುವೆ ಮುರಿಯಲು ಸಾಮಾನ್ಯವಾಗಿ ಆಗುವುದಿಲ್ಲ. ಅವಧಿಯಿಲ್ಲದ ಕರಾರಿಗೆ 3 ತಿಂಗಳ ನೋಟಿಸ್ ಬೇಕು. ಸಹಿ ಮಾಡಿದ ಕಾಗದ ಮಾರ್ಚ್‌ನ 3ನೇ ಕೆಲಸದ ದಿನದೊಳಗೆ ಮಾಲೀಕರಿಗೆ ತಲುಪಿದರೆ ಮೇ ಕೊನೆಗೆ ಮನೆ ಬಿಡಬಹುದು. ಇಮೇಲ್, ವಾಟ್ಸ್ಆ್ಯಪ್ ನೋಟಿಸ್ ನಡೆಯುವುದಿಲ್ಲ.