ಮೂಗು ಚುಚ್ಚಿಸಿದಲ್ಲಿ ಗುಳ್ಳೆ ಎದ್ದಿದೆ, ಮೂಗುತಿ ತೆಗೆಯಬೇಕೇ?

ಪ್ರಶ್ನೆ: ಮೂಗು ಚುಚ್ಚಿಸಿ ಮೂರು ವಾರ ಆತ್ರಿ. ಬಾಜೂಕ ಕೆಂಪಂದು ಗುಳ್ಳಿ ಎದ್ದೈತಿ, ಮುಂಜಾನೆ ನೋಡಿದ್ರ ಹಳದಿ ಹಕ್ಕಳಿ ಕಟ್ಟಿರ್ತದ. ಅವ್ವ ಅರಿಷಿಣ, ಕೊಬ್ಬರಿ ಎಣ್ಣಿ ಹಚ್ಚಿ ದಿನಾ ತಿರುಗಸು ಅಂತಾಳ. ಚುಚ್ಚಿದ ಪತ್ತಾರರು ಸ್ಪಿರಿಟ್ ಹಚ್ರಿ ಅಂದಾರ. ಗೆಳತಿ ತಗದ ಬಿಡು ಅಂತಾಳ. ಯಾರ ಮಾತು ಕೇಳ್ಲಿ? ಅದ ವಾರ ಕೈಮ್ಯಾಲೆ ಸಣ್ಣ ಟ್ಯಾಟೂನೂ ಹಾಕಿಸೇನಿ, ಅದಕ್ಕೂ ಇದ ಔಷಧ ನಡೀತದೇನು? (ಧಾರವಾಡದ ಓದುಗರು)

ಉತ್ತರ: ಮೂವರ ಮಾತೂ ಬೇಡ. ಮೂಗುತಿ ಇದ್ದಲ್ಲೇ ಇರಲಿ, ತಿರುಗಿಸುವುದನ್ನು ಇವತ್ತೇ ನಿಲ್ಲಿಸಿ, ಉಪ್ಪುನೀರು ಬಿಟ್ಟು ಬೇರೇನೂ ಮುಟ್ಟಿಸಬೇಡಿ. ನೀವು ಬರೆದಷ್ಟರ ಮೇಲೆ ಹೇಳುವುದಾದರೆ ಇದು ಕೀವಾದ ಗಾಯವಲ್ಲ, ಕೆಣಕಿದ ಗಾಯ.

ಹಳೇ ನಂಬಿಕೆ ಏನೆಂದರೆ, ತಿರುಗಿಸದಿದ್ದರೆ ಮೂಗುತಿ ಮಾಂಸಕ್ಕೆ ಅಂಟಿಕೊಳ್ಳುತ್ತದೆ ಎಂದು. ಹಾಗೆ ಅಂಟುವುದಿಲ್ಲ. ಚುಚ್ಚಿದ ತೂತು ಮಾಯುವುದು ಎರಡು ಬಾಯಿಗಳಿಂದ: ಹೊರಗಿನ ಅಂಚಿನಿಂದ ಒಳಕ್ಕೆ, ಹೊಳ್ಳೆಯ ಒಳಗಿನ ಅಂಚಿನಿಂದ ಹೊರಕ್ಕೆ ಎಳೆಚರ್ಮ ಬೆಳೆಯುತ್ತ ಬಂದು ನಡುವೆ ಕೂಡಿಕೊಳ್ಳುತ್ತದೆ. ಆಗ ಸಣ್ಣ ಕೊಳವೆಯಂಥ ದಾರಿ ಸಿದ್ಧವಾಗುತ್ತದೆ. ಹೊರಗೆ ಪೂರ್ತಿ ಮಾಯಿದಂತೆ ಕಂಡರೂ ನಡುವೆ ಹಸಿ ಇರುವುದು ಇದಕ್ಕೇ. ಮುಂಜಾನೆ ಕಾಣುವ ಹಳದಿ ಹಕ್ಕಳೆ ಗಾಯದಿಂದ ಒಸರಿದ ತಿಳಿನೀರು ಒಣಗಿದ್ದು, ಅದು ಇರಬೇಕಾದದ್ದೇ. ಆದರೆ ಒಣಗಿದಾಗ ಅದರ ಅಂಚು ಗರಗಸದ ಹಾಗೆ ಇರುತ್ತದೆ. ನೀವು ಮೂಗುತಿ ತಿರುಗಿಸಿದಾಗಲೆಲ್ಲ ಆ ಗರಗಸ ಒಳಗೆ ಹೋಗಿ ಎಳೆಚರ್ಮವನ್ನು ಕೆರೆದು ಬರುತ್ತದೆ. ದಿನಕ್ಕೆರಡು ಸಲದಂತೆ ಮೂರು ವಾರ ಕೆರೆದರೆ ಮೈ ಅಲ್ಲಿ ಹೆಚ್ಚುವರಿ ಮಾಂಸ ತುಂಬಿಸುತ್ತದೆ. ಅದೇ ನಿಮ್ಮ ಗುಳ್ಳೆ.

ಅರಿಷಿಣ-ಎಣ್ಣೆಗೂ ಅದೇ ತಕರಾರು. ಪಲ್ಯಕ್ಕೆ ಹಾಕುವ ಅರಿಷಿಣ ಎಷ್ಟು ಸಣ್ಣಗೆ ಬೀಸಿದರೂ ಕಾಳುಕಾಳಾಗಿಯೇ ಇರುತ್ತದೆ. ಎಣ್ಣೆ ಅದನ್ನು ತೂತಿನ ಬಾಯಿಗೆ ಮೆತ್ತಿ, ಒಸರು ಹೊರಬರದಂತೆ ಬಿರಡೆ ಹಾಕುತ್ತದೆ. ಮೇಲಾಗಿ ಚರ್ಮ ಹಳದಿಯಾಗಿ, ಕೆಂಪು ಹಬ್ಬುತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಸ್ಪಿರಿಟ್, ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ಕ್ರಿಮಿಯ ಜೊತೆ ಹೊಸ ಚರ್ಮವನ್ನೂ ಸುಡುತ್ತವೆ. ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಕೊಡುವ ಸ್ಟಿರಾಯ್ಡ್ ಮುಲಾಮಂತೂ ಕೆಂಪು ಇಳಿಸಿ ಒಳಗಿನ ಸೋಂಕನ್ನು ಮುಚ್ಚಿಡುತ್ತದೆ.

ಈಗ ಮಾಡಬೇಕಾದ್ದು. ಮೆಡಿಕಲ್‌ನಲ್ಲಿ ನಾರ್ಮಲ್ ಸಲೈನ್ (ಕ್ರಿಮಿಶುದ್ಧ ಉಪ್ಪುನೀರು) ಕೇಳಿ, 100 ಮಿ.ಲೀ. ಬಾಟಲಿ ಸಾಕು, ತೆರೆದ ಮೇಲೆ ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ದಿನಾ ತರಲಾಗದಿದ್ದರೆ ನೀರನ್ನು ಐದು ನಿಮಿಷ ಕುದಿಸಿ ಆರಿಸಿ, ಒಂದು ಲೋಟ (ಸುಮಾರು 250 ಮಿ.ಲೀ.) ನೀರಿಗೆ ಕಾಲು ಟೀ ಚಮಚೆ ಉಪ್ಪು ಕರಗಿಸಿ. ಚಮಚೆ ಸಮತಟ್ಟಾಗಿರಲಿ, ರಾಶಿ ಬೇಡ. 'ಖಾರಾ ನೀರಾದ್ರ ಜಲ್ದಿ ಮಾಯ್ತದ' ಎಂದು ಉಪ್ಪು ಹೆಚ್ಚಿಸುವವರೇ ಬಹಳ, ಅದು ಚರ್ಮ ಬಿರಿಸುತ್ತದೆ. ಕುದಿಸುವುದನ್ನು ಮಾತ್ರ ತಪ್ಪಿಸಬೇಡಿ. ನಮ್ಮ ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ, ಬ್ಯಾರಲ್‌ನಲ್ಲಿ ತುಂಬಿಟ್ಟ ನೀರೇ ಗತಿ. ನಿಂತ ನೀರಿನಲ್ಲಿ ಬೆಳೆಯುವ ಕ್ರಿಮಿಗಳಿಗೆ ಹಸಿ ಗಾಯ ಹಬ್ಬದೂಟ.

ಸೋಪಿನಿಂದ ಕೈ ತೊಳೆದು, ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ಆ ನೀರಿನಲ್ಲಿ ತೋಯಿಸಿ ಹಕ್ಕಳೆಯ ಮೇಲೆ ಮೂರ್ನಾಲ್ಕು ನಿಮಿಷ ಇಡಿ. ಮೆತ್ತಗಾಗಿ ತಾನೇ ಬಂದಷ್ಟನ್ನು ಒರೆಸಿ, ಬಾರದ್ದನ್ನು ಬಿಡಿ, ಉಗುರು ಹಚ್ಚಬೇಡಿ. ಹತ್ತಿಯ ಎಳೆ ಮೂಗುತಿಗೆ ಸುತ್ತಿಕೊಳ್ಳುತ್ತದೆ, ಆದ್ದರಿಂದ ಗಾಜ್ ಮೇಲು. ದಿನಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು.

ಉಳಿದದ್ದು ಮುಟ್ಟದಿರುವುದು, ಕಷ್ಟ ಅದೇ. ರೊಟ್ಟಿ ಬಡಿಯುವಾಗ ಮೂಗು ತುರಿಸಿದರೆ ಹಿಟ್ಟಿನ ಕೈ ನೇರ ಅಲ್ಲಿಗೇ ಹೋಗುತ್ತದೆ. ಬ್ಯಾಡಗಿ ಕಡೆ ಮೆಣಸಿನಕಾಯಿಯ ತುಂಬು (ತೊಟ್ಟು) ಬಿಡಿಸುವವರು ಸುಗ್ಗಿ ಮುಗಿಯುವ ತನಕ ಮೂಗು ಚುಚ್ಚಿಸಿಕೊಳ್ಳದಿರುವುದೇ ಜಾಣತನ. ಟವೆಲ್ಲಿನ ದಾರ, ಓಢಣಿ, ಹೆಲ್ಮೆಟ್ ಇವು ಸಿಕ್ಕಿಸಿ ಎಳೆಯುತ್ತವೆ. ಮುಖವನ್ನು ಒತ್ತಿ ಒಣಗಿಸಿ, ಉಜ್ಜಬೇಡಿ.

ಹೀಗೆ ಮಾಡಿದರೆ ಗುಳ್ಳೆ ಕೆಲವು ವಾರಗಳಲ್ಲಿ ಕುಗ್ಗಬೇಕು. ಕುಗ್ಗದಿದ್ದರೆ ಮೂಗುತಿಯನ್ನೇ ಅನುಮಾನಿಸಿ. ಪತ್ತಾರರು ಸುತ್ತಿದ ತಂತಿಯ ತುದಿ ಒಳಗೆ ಗೀರುತ್ತಿರಬಹುದು, ತಿರುಪು ಬಿಗಿಯಾಗಿ ಚರ್ಮ ಊದಿಕೊಳ್ಳಲು ಜಾಗವೇ ಇಲ್ಲದಿರಬಹುದು. 22 ಕ್ಯಾರೆಟ್‌ನಲ್ಲಿ ನೂರಕ್ಕೆ 91.6 ಪಾಲು ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ಅದು ತೊಂದರೆ ಕೊಡುವುದು ಅಪರೂಪ. ಒಂದು ಗ್ರಾಂ ಗೋಲ್ಡಿನ ಮಾಲು ಹಾಗಲ್ಲ, ಲೇಪ ಸವೆದರೆ ಕೆಳಗಿನ ಲೋಹದಲ್ಲಿ ನಿಕಲ್ ಇರಬಹುದು. ನೋವಿಗಿಂತ ತುರಿಕೆ ಜೋರು, ಸುತ್ತ ಸಣ್ಣ ನೀರುಗುಳ್ಳೆ ಎಂದರೆ ನಿಕಲ್ ಅಲರ್ಜಿ ಎಂದು ಶಂಕಿಸಿ. ಆಗ ಇಂಪ್ಲಾಂಟ್ ದರ್ಜೆಯ (ಮೈಯೊಳಗೆ ಕೂರಿಸಲು ಯೋಗ್ಯವಾದ) ಟೈಟೇನಿಯಂ ಕಡ್ಡಿಗೆ ಬದಲಾಯಿಸಬೇಕು, ಅದೂ ತಿಳಿದವರ ಕೈಯಿಂದ.

ಕೆಲಾಯ್ಡ್, ಅಂದರೆ ಗಾಯದ ಕಲೆ ಮಿತಿಮೀರಿ ಬೆಳೆಯುವುದು, ಬೇರೆ. ಅದು ಮೂರು ವಾರಕ್ಕೆ ಬರುವುದು ಕಡಿಮೆ, ಹಲವು ತಿಂಗಳ ಮೇಲೆ ಗಟ್ಟಿ ಗಂಟಾಗಿ ತೂತಿನ ಗಡಿ ದಾಟಿ ಬೆಳೆಯುತ್ತದೆ. ಮನೆಯಲ್ಲಿ ಯಾರಿಗಾದರೂ ಹಳೇ ಗಾಯದ ಮೇಲೆ ಹಾಗೆ ಬೆಳೆದದ್ದಿದ್ದರೆ ಚರ್ಮದ ಡಾಕ್ಟರಿಗೆ ಮೊದಲೇ ತೋರಿಸಿ.

ನಿಜವಾದ ಸೋಂಕಿನ ಗುರುತು: ಹಸಿರು-ಹಳದಿ ದಪ್ಪ ಕೀವು, ವಾಸನೆ, ಮುಟ್ಟದಿದ್ದರೂ ಮಿಡಿಯುವ ನೋವು, ಕೆನ್ನೆಯ ಕಡೆಗೆ ಹಬ್ಬುವ ಕೆಂಪು, ಜ್ವರ. ಆಗಲೂ ನೀವಾಗಿಯೇ ಮೂಗುತಿ ಕೀಳಬೇಡಿ. ಎರಡೂ ಬಾಯಿ ಮುಚ್ಚಿ ಕೀವು ಒಳಗೇ ಕೂತು ಬಾವು ಕಟ್ಟಬಹುದು. ಹಿಚುಕುವುದಂತೂ ಬೇಡವೇ ಬೇಡ. ಅದೇ ದಿನ ಡಾಕ್ಟರಿಗೆ ತೋರಿಸಿ. ಬುಗುಡಿ ಹಾಕಲು ಕಿವಿಯ ಮೇಲಂಚು ಚುಚ್ಚಿಸಿದವರು ಒಂದು ತಾಸೂ ತಡ ಮಾಡಬಾರದು. ಅಲ್ಲಿರುವುದು ಮೃದ್ವಸ್ಥಿ, ಅದಕ್ಕೆ ಸ್ವಂತ ರಕ್ತನಾಳವಿಲ್ಲ. ಸೋಂಕು ಹೊಕ್ಕರೆ ಕರಗಿ ಕಿವಿಯ ಆಕಾರವೇ ಮುದುಡುತ್ತದೆ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಅಥವಾ ಗದಗಿನ ಜಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ. ಕಿವಿಯ ಹಾಲೆ 6ರಿಂದ 8 ವಾರದಲ್ಲಿ ಮಾಯುತ್ತದೆ, ಹೊಳ್ಳೆಗೆ 4ರಿಂದ 6 ತಿಂಗಳು, ಬುಗುಡಿಯ ಜಾಗಕ್ಕೆ 6ರಿಂದ 12 ತಿಂಗಳು ಬೇಕು. ಅಷ್ಟರೊಳಗೆ ಲಗ್ನಕ್ಕೆಂದು ನತ್ತು ಬದಲಾಯಿಸಿದರೆ ಮತ್ತೆ ಮೊದಲಿನಿಂದ.

ಟ್ಯಾಟೂ ಗಾಯದ ರೀತಿಯೇ ಬೇರೆ: ತೂತಲ್ಲ, ತರಚು. ಅದಕ್ಕೆ ವಾಸನೆಯಿಲ್ಲದ ಸೋಪು ಮತ್ತು ನೀರು ಸಾಕು, ಉಪ್ಪುನೀರು ಬೇಕಿಲ್ಲ. ಮೂಗಿಗೆ ಯಾವ ಕ್ರೀಮೂ ಬೇಡ, ಇಲ್ಲಿ ಮಾತ್ರ ವಾಸನೆಯಿಲ್ಲದ ಸಾದಾ ಕ್ರೀಮು (ಸ್ಟಿರಾಯ್ಡ್ ಅಲ್ಲ) ಬೇಕು, ಆದರೆ ಕಂಡೂ ಕಾಣದಷ್ಟು ತೆಳ್ಳಗೆ. ದಪ್ಪ ಮೆತ್ತಿದರೆ ಹಕ್ಕಳೆ ನೆನೆದು ಬಣ್ಣದ ಸಮೇತ ಕಿತ್ತು ಬರುತ್ತದೆ. ಮೊದಲ ವಾರದ ಕೊನೆಗೆ ಪೊರೆ ಸುಲಿಯುತ್ತ ತುರಿಕೆ ಹತ್ತುತ್ತದೆ, ಕೆರೆಯದೆ ಅಂಗೈಯಿಂದ ತಟ್ಟಿ. ಮೇಲಿನ ಚರ್ಮ ಕೂಡಲು ಎರಡು-ಮೂರು ವಾರ. ಅಲ್ಲಿಯ ತನಕ ಬಾವಿ, ಕೆರೆ, ಈಜುಕೊಳ ಬೇಡ, ಬಿಸಿಲಿಗೆ ತುಂಬು ತೋಳಿನ ಹತ್ತಿ ಅಂಗಿ. ಸನ್‌ಸ್ಕ್ರೀನ್ ಮಾಯಿದ ಮೇಲಷ್ಟೇ.

ಪತ್ತಾರರು ಸೂಜಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಚುಚ್ಚಿದ್ದರೆ ಹೆಪಟೈಟಿಸ್ ಬಿ ಲಸಿಕೆ, ಟಿಟಿ ಇಂಜೆಕ್ಷನ್ ಆಗಿದೆಯೇ ಎಂದು ಡಾಕ್ಟರಲ್ಲಿ ಕೇಳಿ. ಅವರ ಕೈಚಳಕದ ಬಗ್ಗೆ ತಕರಾರಿಲ್ಲ, ಆದರೆ ಒರೆಸಿದ್ದರಿಂದ ಆ ವೈರಸ್ ಹೋಯಿತೆಂದು ನಂಬಲಾಗದು; ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ) 121 ಡಿಗ್ರಿ ಸೆಲ್ಸಿಯಸ್ ಹಬೆ 15 ನಿಮಿಷ ಬೇಕು, ಇಲ್ಲವೇ ಕಣ್ಣೆದುರು ಪಾಕೀಟು ಒಡೆದು ತೆಗೆದ ಹೊಸ ಸೂಜಿ. ಚುಚ್ಚಿಸಿದ ತಾರೀಖು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಮೂಗಾಗಲಿ ಟ್ಯಾಟೂ ಆಗಲಿ, ಅಲ್ಲಿಂದ 12 ತಿಂಗಳು ನಿಮ್ಮಿಂದ ರಕ್ತ ತೆಗೆದುಕೊಳ್ಳುವುದಿಲ್ಲ.